ಊರಿನ ಹಣ, ಹೊರದೇಶದ ಹಣ, ಕಂಪನಿಯ ಹಣ: ಸೇವಾಸಂಸ್ಥೆಯೊಂದರ ವರ್ಷ ನಡೆಯುವ ಬಗೆ

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಕಾರ್ಯದರ್ಶಿಯವರು ಓದುವ ವರದಿಯಲ್ಲಿ ಸಾಮಾನ್ಯವಾಗಿ ಮೂರು ಬಾಬತ್ತು ಇರುತ್ತವೆ: ವಿದ್ಯಾರ್ಥಿವೇತನ ಮತ್ತು ನೋಟುಪುಸ್ತಕ ವಿತರಣೆ, ಮಹಿಳಾ ವಿಭಾಗದ ಚಟುವಟಿಕೆ, ಮಳೆಗಾಲದಲ್ಲಿ ಗಿಡ ನೆಟ್ಟದ್ದು. ಅಂದರೆ ಶಿಕ್ಷಣ, ಸಮಾನತೆ, ಪರಿಸರ. ಮಾಟುಂಗದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದ ಕಾಲಕ್ಕೆ ಹಣ ಬರುತ್ತಿದ್ದುದು ಹೆಚ್ಚಾಗಿ ಊರಿನ ದಾನಿಗಳ ಕೈಯಿಂದ. ಈಗ ಸದಸ್ಯರ ಮಕ್ಕಳು ದುಬೈ, ಲಂಡನ್, ನ್ಯೂಜೆರ್ಸಿಗಳಲ್ಲಿದ್ದಾರೆ, ಅಲ್ಲಿಂದ ಹಣ ಬರುತ್ತದೆ. ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣವೂ ಬರುತ್ತದೆ. ಕೆಲಸ ಹಳೆಯದೇ ಇರಬಹುದು, ಆದರೆ ಅದನ್ನು ಎಲ್ಲಿ ಮಾಡಬಹುದು, ಕಚೇರಿ ಖರ್ಚಿಗೆ ಎಷ್ಟು ತೆಗೆಯಬಹುದು, ಯಾವ ದಿನಾಂಕದೊಳಗೆ ಮುಗಿಸಬೇಕು ಎಂಬುದನ್ನೆಲ್ಲ ಹಣದ ಮೂಲ ನಿರ್ಧರಿಸುತ್ತದೆ. ಹಾಗಾಗಿ ವರ್ಷದ ಯೋಜನೆ ಕಾರ್ಯಕ್ರಮಗಳ ಪಟ್ಟಿಯಿಂದ ಶುರುವಾಗಬಾರದು. ಮೂರು ಮೂಲಗಳ ಹಣಕ್ಕೆ ಮೂರು ಲೆಕ್ಕ ತೆರೆಯುವುದರಿಂದ ಶುರುವಾಗಬೇಕು.

ಅದಕ್ಕೂ ಮೊದಲು ಬುನಾದಿ ಸರಿ ಇದೆಯೇ ನೋಡಿಕೊಳ್ಳಿ. ಮಹಾರಾಷ್ಟ್ರದಲ್ಲಿ ಸಂಘ ಕಟ್ಟುವವರು ಕನಿಷ್ಠ 7 ಜನ ಸೇರಿ 1860ರ ಸೊಸೈಟಿ ಕಾಯ್ದೆಯಡಿ ನೋಂದಾಯಿಸುತ್ತಾರೆ. ಅದರ ಜೊತೆಗೆ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಚ್ಯಾರಿಟಿ ಕಮಿಷನರ್ ಕಚೇರಿಯಲ್ಲೂ ನೋಂದಣಿ ಆಗುತ್ತದೆ. ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ ಅಲ್ಲಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಎಷ್ಟೋ ಸಂಸ್ಥೆಗಳು ಇಲ್ಲೇ ಸಿಕ್ಕಿಬೀಳುತ್ತವೆ. ಚುನಾವಣೆ ನಡೆಯುತ್ತದೆ, ಹಾರ ಹಾಕುತ್ತಾರೆ, ಚೇಂಜ್ ರಿಪೋರ್ಟ್ ಮಾತ್ರ ಹೋಗುವುದೇ ಇಲ್ಲ. ನಾಲ್ಕೈದು ಅವಧಿ ಹೀಗೇ ಕಳೆದ ಮೇಲೆ ಬ್ಯಾಂಕಿನವರು ಶೆಡ್ಯೂಲ್ 1ರ, ಅಂದರೆ ಕಮಿಷನರ್ ಕಚೇರಿಯ ದಾಖಲೆಯಲ್ಲಿ ಟ್ರಸ್ಟಿಗಳ ಹೆಸರಿರುವ ಪುಟದ, ಪ್ರತಿ ಕೇಳುತ್ತಾರೆ. ಅದರಲ್ಲಿ ತೀರಿಕೊಂಡವರ ಹೆಸರುಗಳೇ ಇನ್ನೂ ಟ್ರಸ್ಟಿಗಳಾಗಿ ಕುಳಿತಿರುತ್ತವೆ. ಚೆಕ್ಕಿಗೆ ಸಹಿ ಮಾಡುವವರನ್ನು ಬದಲಿಸಲು ಆಗುವುದಿಲ್ಲ, ಸಿಎಸ್‌ಆರ್ ಕಂಪನಿಯ ಕಾಗದಪತ್ರ ಪರಿಶೀಲನೆಯಲ್ಲಿ ಪಾಸಾಗುವುದಿಲ್ಲ. ಹಳೆಯ ಬದಲಾವಣೆಗಳನ್ನು ಒಂದೊಂದಾಗಿ, ತಡವಾದದ್ದಕ್ಕೆ ಮನ್ನಾ ಅರ್ಜಿ ಸಮೇತ, ಮಂಜೂರು ಮಾಡಿಸಿಕೊಂಡು ಬರುವಷ್ಟರಲ್ಲಿ ಒಂದು ಸಮಿತಿಯ ಅವಧಿಯೇ ಮುಗಿದುಹೋಗುತ್ತದೆ. ಚುನಾವಣೆಯ ಮರುವಾರವೇ ಈ ಕೆಲಸ ಮುಗಿಸುವುದು ಲೇಸು. ಜಾಗ, ಕಟ್ಟಡ ಮಾರುವುದಿದ್ದರೆ ಕಮಿಷನರರ ಮುಂಗಡ ಅನುಮತಿ ಬೇಕೆಂಬುದೂ ನೆನಪಿರಲಿ. ಗೋವಾದ ಸಂಘಗಳಿಗೆ ಮಹಾರಾಷ್ಟ್ರದ ಈ ಟ್ರಸ್ಟ್ ಕಾಯ್ದೆ ಅನ್ವಯಿಸುವುದಿಲ್ಲ, ಅಲ್ಲಿ ಸೊಸೈಟಿ ನೋಂದಣಿಯೇ ಆಧಾರ.

ಊರಿನ ಹಣದ ಲೆಕ್ಕ

ಸ್ಥಳೀಯ ದಾನಿಗಳ ಹಣವನ್ನು ಆಳುವುದು ಆದಾಯ ತೆರಿಗೆ ಕಾಯ್ದೆ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿದ್ದರೂ ಎಲ್ಲರ ಬಾಯಲ್ಲಿ ಉಳಿದಿರುವುದು 12ಎ ಮತ್ತು 80ಜಿ. ಮೊದಲನೆಯದು ಸಂಸ್ಥೆಯ ಆದಾಯಕ್ಕೆ ವಿನಾಯಿತಿ, ಎರಡನೆಯದು ದಾನಿಗೆ ವಿನಾಯಿತಿ. ಎರಡಕ್ಕೂ ಅವಧಿ ಇದೆ. ಒಮ್ಮೆ ಸಿಕ್ಕರೆ ಸಾಯುವವರೆಗೆ ಎಂಬ ಕಾಲ 2021ಕ್ಕೆ ಮುಗಿಯಿತು. ನವೀಕರಣದ ದಿನಾಂಕವನ್ನು ಸಿ.ಎ. ಒಬ್ಬರ ನೆನಪಿಗೆ ಬಿಡದೆ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ವರ್ಷದ ಆದಾಯದಲ್ಲಿ ಕನಿಷ್ಠ ಶೇ. 85ನ್ನು ಉದ್ದೇಶಿತ ಕೆಲಸಕ್ಕೆ ಅದೇ ವರ್ಷ ಖರ್ಚು ಮಾಡಬೇಕು. 20 ಲಕ್ಷ ರೂಪಾಯಿ ಬಂದರೆ 17 ಲಕ್ಷ ಮಾರ್ಚ್ 31ರೊಳಗೆ ಕೆಲಸಕ್ಕೆ ಹೋಗಬೇಕು. ಕಟ್ಟಡಕ್ಕೋ ಹಾಸ್ಟೆಲಿಗೋ ಕೂಡಿಡುವ ಇಚ್ಛೆಯಿದ್ದರೆ ನಿರ್ದಿಷ್ಟ ಉದ್ದೇಶ ನಮೂದಿಸಿ ಗೊತ್ತುವಳಿ ಮಾಡಿ, ಫಾರಂ ತುಂಬಿ, 5 ವರ್ಷದವರೆಗೆ ಇಟ್ಟುಕೊಳ್ಳಬಹುದು. ಆದರೆ ‘ಸಂಘದ ಎಲ್ಲ ಉದ್ದೇಶಗಳಿಗಾಗಿ’ ಎಂದು ಬರೆದುಕೊಟ್ಟರೆ ಅದು ನಿರ್ದಿಷ್ಟ ಉದ್ದೇಶ ಎನಿಸಿಕೊಳ್ಳುವುದಿಲ್ಲ. ಮೂಲನಿಧಿಗೆಂದು ಕೊಟ್ಟ ದಾನ ಈ ಶೇ. 85ರ ಲೆಕ್ಕದಿಂದ ಹೊರಗೆ. ಅದಕ್ಕೆ ದಾನಿಯದೇ ಲಿಖಿತ ಸೂಚನೆ ಬೇಕು. ಹಣ ಬಂದ ಮೇಲೆ ಖಜಾಂಚಿ ತಾವಾಗಿ ‘ಮೂಲನಿಧಿ’ ಎಂದು ಬರೆದುಕೊಂಡರೆ ನಿಲ್ಲುವುದಿಲ್ಲ.

ಎಲ್ಲ ಪುಸ್ತಕಗಳಿಗಿಂತ ರಸೀದಿ ಪುಸ್ತಕ ಮುಖ್ಯ. ರಸೀದಿಯಲ್ಲಿ ಕ್ರಮಸಂಖ್ಯೆ, ದಾನಿಯ ಪೂರ್ಣ ಹೆಸರು, ವಿಳಾಸ, ಪ್ಯಾನ್, ಮೊತ್ತ, ಬಂದ ಬಗೆ (ಚೆಕ್, ಯುಪಿಐ, ನಗದು), ಉದ್ದೇಶ, ಮೂಲನಿಧಿಯೋ ಸಾಮಾನ್ಯ ದಾನವೋ ಎಂಬುದು, ದಾನಿಯ ಪೌರತ್ವ, ಇಷ್ಟೂ ಇರಬೇಕು. ಕೊನೆಯದು ಹೆಚ್ಚಿನ ರಸೀದಿಗಳಲ್ಲಿ ಇರುವುದಿಲ್ಲ. ಅದು ಯಾಕೆ ಬೇಕೆಂಬುದು ಮುಂದೆ ಗೊತ್ತಾಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ 80ಜಿ ಲಾಭ ಸಿಗುವುದಿಲ್ಲ. ಆ ಲಾಭ ಬೇಕೆಂದಿರುವ ಹಿರಿಯರಿಗೆ ಹಣ ಪಡೆಯುವ ಮೊದಲೇ ಇದನ್ನು ಹೇಳಬೇಕು. ಹೆಸರು ಬೇಡ ಎನ್ನುವ ದಾನಿಗಳ ಹಣ ಮಿತಿ ಮೀರಿದರೆ ಆ ಹೆಚ್ಚುವರಿಗೆ ಶೇ. 30 ತೆರಿಗೆ. ವೇದಿಕೆಯಲ್ಲಿ ಹೆಸರು ಕೂಗಬೇಡಿ ಎನ್ನುವುದು ಬೇರೆ, ಪುಸ್ತಕದಲ್ಲಿ ಹೆಸರೇ ಇಲ್ಲದಿರುವುದು ಬೇರೆ.

ಹೊರದೇಶದ ಹಣ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ, ಹಾಗೆಯೇ ಅತಿ ದುಬಾರಿ ತಪ್ಪುಗಳಾಗುವುದೂ ಇಲ್ಲೇ. 2010ರ ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಹಣ ಯಾವ ದೇಶದಿಂದ ಬಂತು ಎಂದು ಕೇಳುವುದಿಲ್ಲ, ಕೊಟ್ಟವರು ಯಾವ ದೇಶದ ಪ್ರಜೆ ಎಂದು ಕೇಳುತ್ತದೆ. ದುಬೈಯಲ್ಲಿ ದುಡಿಯುವ ಉಡುಪಿಯ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇದ್ದರೆ, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ಅವನ ಅಣ್ಣ ರಜೆಗೆ ಮುಂಬಯಿಗೆ ಬಂದಾಗ ಸಂಘದ ಕಚೇರಿಯಲ್ಲಿ ಕೂತು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಒಸಿಐ ಕಾರ್ಡು ಇದ್ದರೂ ಅಷ್ಟೆ, ಕಾರ್ಡು ಪೌರತ್ವವಲ್ಲ. ರಸೀದಿಯಲ್ಲಿ ಪೌರತ್ವದ ಅಂಕಣ ಬೇಕಾಗುವುದು ಇದಕ್ಕೇ. ಎನ್‌ಆರ್‌ಐ ದಾನಿಗಳಿಂದ ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಳ್ಳಿ.

ಎಫ್‌ಸಿಆರ್‌ಎ ನೋಂದಣಿ ಬೇಕಾದರೆ ಸಂಸ್ಥೆಗೆ ಕನಿಷ್ಠ 3 ವರ್ಷ ಆಗಿರಬೇಕು, ಹಿಂದಿನ 3 ಹಣಕಾಸು ವರ್ಷಗಳಲ್ಲಿ ಮೂಲ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಅಷ್ಟು ಆಗದವರಿಗೆ ಒಬ್ಬ ದಾನಿ, ಒಂದು ಯೋಜನೆಗೆ ಸೀಮಿತವಾದ ಪೂರ್ವಾನುಮತಿಯ ದಾರಿ ಇದೆ. 2020ರ ತಿದ್ದುಪಡಿಯ ಮೇಲೆ ಹಣ ಮೊದಲು ಇಳಿಯಬೇಕಾದದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ಮುಂಬಯಿ, ಪುಣೆಯ ನಿಮ್ಮ ಬ್ಯಾಂಕಿಗೆ ತರಿಸಿಕೊಳ್ಳಬಹುದು. ಈ ಖಾತೆಗೆ ಊರಿನ ಒಂದು ರೂಪಾಯಿಯೂ ಬೀಳಬಾರದು. ಈ ಹಣದ ಮೇಲೆ ಬಂದ ಬಡ್ಡಿಯೂ ವಿದೇಶಿ ದೇಣಿಗೆಯೇ. ಆಡಳಿತ ಖರ್ಚು ಶೇ. 20 ದಾಟುವಂತಿಲ್ಲ. ಶಾಲೆ ನಡೆಸುವ ಸಂಸ್ಥೆಯ ಶಿಕ್ಷಕರ ಸಂಬಳ ಆಡಳಿತ ಖರ್ಚಲ್ಲ, ಆದರೆ ಲೆಕ್ಕ ಬರೆಯುವವರ ಸಂಬಳ, ಕಚೇರಿ ಬಾಡಿಗೆ ಆಡಳಿತ ಖರ್ಚೇ. ವರ್ಷದ ಲೆಕ್ಕವನ್ನು ಡಿಸೆಂಬರ್ 31ರೊಳಗೆ ಎಫ್‌ಸಿ-4 ನಮೂನೆಯಲ್ಲಿ ಸಲ್ಲಿಸಬೇಕು. ಏನೂ ಬರದ ವರ್ಷವೂ ಸೊನ್ನೆ ಎಂದು ಬರೆದು ಸಲ್ಲಿಸಲೇಬೇಕು.

ಇದೇ ತಿದ್ದುಪಡಿ ಇನ್ನೊಂದು ದಾರಿಯನ್ನೂ ಮುಚ್ಚಿತು. ಮೊದಲು ಮುಂಬಯಿಯ ದೊಡ್ಡ ಸಂಸ್ಥೆ ವಿದೇಶದಿಂದ ಹಣ ತಂದು ಕಲಬುರಗಿಯ, ಸೊಲ್ಲಾಪುರದ ಸಣ್ಣ ಸಂಸ್ಥೆಗಳಿಗೆ ಹಂಚಬಹುದಿತ್ತು. ಈಗ ನೋಂದಣಿ ಇರುವ ಸಂಸ್ಥೆಗೂ ಅದನ್ನು ವರ್ಗಾಯಿಸುವಂತಿಲ್ಲ, ತೆಗೆದುಕೊಂಡವರೇ ಖರ್ಚು ಮಾಡಬೇಕು. ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಇದರಿಂದ ಬಿದ್ದ ಪೆಟ್ಟು ದೊಡ್ಡದು. ದೆಹಲಿಯ ಕಾಗದಪತ್ರ ನಿಭಾಯಿಸುವ ಶಕ್ತಿ ಅವಕ್ಕಿಲ್ಲ, ನಿಭಾಯಿಸುವವರಿಗೆ ಆ ಹಳ್ಳಿಯ ಪರಿಚಯವಿಲ್ಲ. ಉಳಿದ ದಾರಿಯೆಂದರೆ ದೊಡ್ಡ ಸಂಸ್ಥೆಯೇ ಅಲ್ಲಿ ಕೆಲಸಗಾರರನ್ನು ನೇಮಿಸಿ, ಬಿಲ್ಲುಗಳನ್ನು ತನ್ನ ಹೆಸರಿನಲ್ಲೇ ತರಿಸಿ ಕೆಲಸ ನಡೆಸುವುದು.

ತಿರುಗುಮುರುಗಾಗಿ, ಇಲ್ಲಿಯ ಸಂಸ್ಥೆ ನೇಪಾಳದ ಅಥವಾ ಕೀನ್ಯಾದ ಶಾಲೆಗೆ ಹಣ ಕೊಡಬಹುದೇ? ಭಾರತದ ಹೊರಗೆ ಆಗುವ ಖರ್ಚು ಶೇ. 85ರ ಲೆಕ್ಕಕ್ಕೆ ಸೇರುವುದಿಲ್ಲ. ನೇರ ತೆರಿಗೆ ಮಂಡಳಿಯ ವಿಶೇಷ ಆದೇಶವಿಲ್ಲದೆ ಅದಕ್ಕೆ ವಿನಾಯಿತಿಯೂ ಇಲ್ಲ. ಆದ್ದರಿಂದ ಅಂತರರಾಷ್ಟ್ರೀಯವಾಗಿ ದುಡಿಯುವ ಸೇವಾಸಂಸ್ಥೆಗಳು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ನೋಂದಣಿ ಹೊಂದಿರುತ್ತವೆ. ಆಯಾ ದೇಶದ ಘಟಕ ತನ್ನ ಹಣ ತಾನೇ ಎತ್ತುತ್ತದೆ, ಪಾಠಕ್ರಮ, ತರಬೇತಿ, ಅಳತೆಯ ವಿಧಾನ ಇವನ್ನು ಹಂಚಿಕೊಳ್ಳುತ್ತದೆ. ಹೊರದೇಶದ ಸಂಸ್ಥೆಯೊಂದು ಕೈಜೋಡಿಸಲು ಬಂದರೆ ಮೊದಲು ಅದರ ಲೆಕ್ಕ ಓದಿ. ಇಂಗ್ಲೆಂಡಿನ ನೋಂದಾಯಿತ ಸಂಸ್ಥೆಗಳು ವಾರ್ಷಿಕ ವಿವರವನ್ನು ಹಣಕಾಸು ವರ್ಷ ಮುಗಿದು 10 ತಿಂಗಳೊಳಗೆ ಅಲ್ಲಿಯ ಚ್ಯಾರಿಟಿ ಕಮಿಷನ್‌ಗೆ ಕೊಡಬೇಕು. ಯಾವ ಸಂಸ್ಥೆ ತಡಮಾಡಿದೆ ಎಂಬುದೂ ಅದರ ಜಾಲತಾಣದಲ್ಲಿ ಕಾಣುತ್ತದೆ. ಅಮೆರಿಕದವು ಸಲ್ಲಿಸುವ ಫಾರಂ 990 ಸಹ ಸಾರ್ವಜನಿಕ. ಅದರಲ್ಲಿ ಮುಖ್ಯಸ್ಥರ ಸಂಬಳದವರೆಗೆ ಎಲ್ಲ ಇರುತ್ತದೆ.

ಕಂಪನಿಯ ಹಣದ ವಿಷಯ ಚಿಕ್ಕದು. 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಶಿಕ್ಷಣ, ಲಿಂಗ ಸಮಾನತೆ, ಪರಿಸರ ಈ ಮೂರೂ ಸಾಲಾಗಿ ಎರಡು, ಮೂರು, ನಾಲ್ಕನೆಯ ಬಾಬತ್ತುಗಳಾಗಿವೆ. ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಮಾರ್ಚ್ ಕೊನೆಯ ವಾರದಲ್ಲಿ ದೊಡ್ಡ ಮೊತ್ತ ಬಂದು ಬಿದ್ದರೆ ಖುಷಿಪಡುವ ಮುನ್ನ ಯೋಚಿಸಬೇಕು. ಅದು ನಿಮ್ಮ ಆ ವರ್ಷದ ಆದಾಯವಾಗುತ್ತದೆ, ಉಳಿದ ನಾಲ್ಕು ದಿನದಲ್ಲಿ ಶೇ. 85 ಖರ್ಚಾಗುವುದಿಲ್ಲ. ಅದನ್ನು ಬಹುವರ್ಷದ ಯೋಜನೆಯೆಂದು ಮೊದಲೇ ಒಪ್ಪಂದ ಮಾಡಿಕೊಂಡು, ಕಂಪನಿಯೇ ತನ್ನ ಪ್ರತ್ಯೇಕ ಖಾತೆಯಲ್ಲಿಟ್ಟು ಕಂತುಗಳಲ್ಲಿ ಬಿಡುಗಡೆ ಮಾಡುವಂತೆ ಕೇಳಬೇಕು. ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ.

ಓದು ನಿಲ್ಲುವುದೆಲ್ಲಿ

ಮಹಾರಾಷ್ಟ್ರದ ಶಾಲೆಗಳು ಜೂನ್ ನಡುವೆ ತೆರೆಯುತ್ತವೆ. ನೋಟುಪುಸ್ತಕ ಆಗಸ್ಟ್ ಹದಿನೈದಕ್ಕೆ ಹಂಚಿದರೆ ಎರಡು ತಿಂಗಳು ತಡ. ಆಯ್ಕೆ ಏಪ್ರಿಲ್–ಮೇ ತಿಂಗಳಲ್ಲೇ ಮುಗಿದು, ಹಣ ಪ್ರವೇಶದ ವಾರದಲ್ಲಿ ಕಾಲೇಜಿನ ಖಾತೆಗೇ ಹೋಗಬೇಕು. ಪುಸ್ತಕಕ್ಕಿಂತ ಮಕ್ಕಳ ಓದನ್ನು ನಿಲ್ಲಿಸುವುದು ದಾಖಲೆಗಳು. ಪುಣೆಯ ಕಟ್ಟಡ ಕಾಮಗಾರಿಗಳಲ್ಲಿ, ಗೋವಾದ ವಾಸ್ಕೊ, ಜುವಾರಿನಗರದ ಸುತ್ತ ಉತ್ತರ ಕರ್ನಾಟಕದಿಂದ ಬಂದ ಕೂಲಿಗಳ ಮಕ್ಕಳು ವರ್ಷದ ನಡುವೆ ಬಂದು ಇಳಿಯುತ್ತಾರೆ. ಟಿ.ಸಿ. ಇಲ್ಲ, ಜನ್ಮ ದಾಖಲೆ ಇಲ್ಲ ಎಂದು ಶಾಲೆಯವರು ವಾಪಸು ಕಳಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ವಿಷಯದಲ್ಲಿ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಸೆಕ್ಷನ್ 5ರಂತೆ ಟಿ.ಸಿ. ತಡವಾದದ್ದು ಪ್ರವೇಶ ನಿರಾಕರಿಸಲು ಕಾರಣವಲ್ಲ, ಸೆಕ್ಷನ್ 14ರಂತೆ ವಯಸ್ಸಿನ ದಾಖಲೆ ಇಲ್ಲದ್ದೂ ಕಾರಣವಲ್ಲ, ಸೆಕ್ಷನ್ 4ರಂತೆ ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಈ ಮೂರು ಸೆಕ್ಷನ್ ಮರಾಠಿಯಲ್ಲೋ ಕೊಂಕಣಿಯಲ್ಲೋ ಅಚ್ಚು ಹಾಕಿಸಿದ ಒಂದು ಹಾಳೆ ಹಿಡಿದು ಮುಖ್ಯೋಪಾಧ್ಯಾಯರ ಬಳಿ ಹೋಗುವ ಒಬ್ಬ ಕಾರ್ಯಕರ್ತೆ ನೂರು ನೋಟುಪುಸ್ತಕಕ್ಕಿಂತ ಹೆಚ್ಚು ಕೆಲಸ ಮಾಡುತ್ತಾರೆ.

ಇನ್ನೊಂದು ಅನ್ಯಾಯ ಹೊರಗಿನವರಿಗೆ ಕಾಣಿಸುವುದಿಲ್ಲ. ಪರಿಶಿಷ್ಟ ಜಾತಿಯ ಗುರುತು ರಾಜ್ಯವಾರು ನಿಗದಿಯಾದದ್ದು. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದ ಹೊತ್ತಿಗೆ ಕುಟುಂಬದ ಹಿರಿಯರು ಎಲ್ಲಿದ್ದರೋ ಆ ರಾಜ್ಯದ ಲೆಕ್ಕ. ಧಾರಾವಿಯಲ್ಲೇ ಹುಟ್ಟಿ ಬೆಳೆದ ಹುಡುಗಿಯ ತಾತ 1960ರಲ್ಲಿ ಯಾದಗಿರಿಯಿಂದ ಬಂದವರಾದರೆ ಮಹಾರಾಷ್ಟ್ರದ ಮೀಸಲಾತಿ ಅವಳಿಗಿಲ್ಲ. ಕರ್ನಾಟಕದಲ್ಲಿ ಅವಳು ಓದಿಯೇ ಇಲ್ಲ, ಹಾಗಾಗಿ ಅಲ್ಲಿಯ ಸೌಲಭ್ಯವನ್ನೂ ಸುಲಭಕ್ಕೆ ಮುಟ್ಟಲಾರಳು. ಎರಡು ರಾಜ್ಯಗಳ ನಡುವೆ ಬಿದ್ದುಹೋದ ಇಂಥ ಮಕ್ಕಳನ್ನು ಹುಡುಕಿ ಅವರಿಗೆ ಕೊಡುವುದು ವಿದ್ಯಾರ್ಥಿವೇತನದ ಅತ್ಯುತ್ತಮ ಬಳಕೆ. ಶೇ. 90 ಅಂಕ ತೆಗೆದವರಿಗೆ ಮಾತ್ರ ಎಂಬ ನಿಯಮ ಇಟ್ಟರೆ ಈ ಮಕ್ಕಳು ಮೊದಲೇ ಹೊರಬೀಳುತ್ತಾರೆ. ಅರ್ಜಿಯಲ್ಲಿ ಅಂಕದ ಜೊತೆ ಮನೆಯ ವರಮಾನ, ಮನೆಯಲ್ಲಿ ಮೊದಲು ಕಾಲೇಜು ಹತ್ತುತ್ತಿರುವವರೇ, ಮನೆಯಿಂದ ಕಾಲೇಜಿಗೆ ಎಷ್ಟು ದೂರ, ಇವಕ್ಕೂ ತೂಕ ಇರಲಿ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪುಸ್ತಕ ಕೈಗಿಟ್ಟು ಫೋಟೊ ತೆಗೆಸುವ ಪದ್ಧತಿಯನ್ನು ಬಿಡಲೇಬೇಕು. ಆ ಫೋಟೊ ವಾಟ್ಸ್ಆ್ಯಪ್ಪಿನಲ್ಲಿ ಅದೇ ಮಗುವಿನ ತರಗತಿಗೆ ತಲುಪುತ್ತದೆ.

ಸಮಾನತೆಯ ಕೆಲಸ ಸಮಿತಿಯ ಮೇಜಿನಿಂದಲೇ ಶುರುವಾಗಬೇಕು. ಮುಖ್ಯ ಸಮಿತಿಯಲ್ಲಿ ಎಲ್ಲ ಗಂಡಸರು, ಹೆಂಗಸರಿಗೆ ಒಂದು ಮಹಿಳಾ ವಿಭಾಗ, ಅದಕ್ಕೆ ಸ್ವಂತ ಬಜೆಟ್ ಇಲ್ಲ: ಈ ಏರ್ಪಾಡು ಇರುವಲ್ಲಿ ಉಳಿದದ್ದೆಲ್ಲ ಭಾಷಣವಾಗುತ್ತದೆ. ಮಾಡಬಹುದಾದ ಬದಲಾವಣೆ ಸರಳ. ಚೆಕ್ಕಿಗೆ ಸಹಿ ಹಾಕುವ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕೆಂದು ನಿಯಮಾವಳಿಗೆ ತಿದ್ದುಪಡಿ ತನ್ನಿ. ಅರಸಿನ ಕುಂಕುಮಕ್ಕೆ ವಿಧವೆಯರನ್ನೂ ಕರೆಯಿರಿ, ಎಲ್ಲರ ಹಣೆಗೂ ಅದೇ ಕುಂಕುಮ ಇಡಿ. 10 ಅಥವಾ ಹೆಚ್ಚು ಕೆಲಸಗಾರರಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿ ಸೇವಾಸಂಸ್ಥೆಗೂ ಕಡ್ಡಾಯ. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನವರು ಒಬ್ಬರು. ಮಕ್ಕಳೊಂದಿಗೆ ಕೆಲಸ ಮಾಡುವ ಪ್ರತಿಯೊಬ್ಬ ಸ್ವಯಂಸೇವಕರಿಗೂ 2012ರ ಪೋಕ್ಸೊ ಕಾಯ್ದೆಯಂತೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವ ಹೊಣೆ ಇದೆಯೆಂದು ಸೇರುವ ದಿನವೇ ಹೇಳಬೇಕು. ‘ಸಂಘದ ಮರ್ಯಾದೆ’ ಎಂದು ಒಳಗೊಳಗೇ ಮುಚ್ಚಿಡುವುದು ಅಪರಾಧ.

ಗಿಡ ನೆಡುವುದು ಸುಲಭ, ನೀರು ಕಷ್ಟ

ಗಿಡ ನೆಡುವ ಹುಮ್ಮಸ್ಸಿನಲ್ಲಿ ಆಗುವ ದೊಡ್ಡ ಹಾನಿ ತಪ್ಪು ಜಾಗ. ಥಾಣೆ ಕ್ರೀಕಿನ ಕೆಸರು ಬಯಲು ಖಾಲಿ ಬಿದ್ದಿದೆ ಎಂದು ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡಲು ಹೊರಡುವವರಿದ್ದಾರೆ. ಆ ಕೆಸರಿನಲ್ಲಿರುವ ಪಾಚಿ, ಸಣ್ಣ ಜೀವಿಗಳನ್ನು ತಿನ್ನಲೆಂದೇ ಫ್ಲೆಮಿಂಗೊಗಳು ಬರುವುದು. 2015ರಲ್ಲಿ ಅದು ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಗಿಡ ನೆಟ್ಟರೆ ಹಕ್ಕಿಯ ಊಟದ ಜಾಗ ಹೋಗುತ್ತದೆ. ಕಾಂಡ್ಲಾ ಕಾಡಿನ ಕೆಲಸ ಏನಿದ್ದರೂ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್ ಜೊತೆಗೆ. ಹೆಚ್ಚಿನ ಕಡೆ ಬೇಕಾಗಿರುವುದು ಹೊಸ ಗಿಡವಲ್ಲ, ಬೇರಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಬಿಡಿಸುವುದು.

ಬೀದಿ, ಶಾಲೆ, ವಸತಿ ಸೊಸೈಟಿಗಳಲ್ಲಿ ನೆಡುವಾಗ ಹೊಂಗೆ, ಬೇವು, ಹೊಳೆದಾಸವಾಳದಂಥ ನಮ್ಮ ನೆಲದ ಗಿಡಗಳು ಇರಲಿ. ಗುಂಡಿ ಎರಡು ಅಡಿ ಉದ್ದ, ಅಗಲ, ಆಳ. ಮುಂಬಯಿಯ ತುಂಬಿದ ನೆಲದಲ್ಲಿ ಅಗೆದರೆ ಬರುವುದು ಕಟ್ಟಡದ ಕಸ, ಗೋವಾದಲ್ಲಿ ಮುರಕಲ್ಲು. ಅದನ್ನೇ ವಾಪಸು ತುಂಬದೆ ಮಣ್ಣು ಮತ್ತು ಗೊಬ್ಬರ ತರಿಸಿ ತುಂಬಬೇಕು. ಸಸಿ ನಾಲ್ಕೈದು ಅಡಿ ಎತ್ತರದ್ದಿರಲಿ, ಒಂದಡಿಯದು ಹುಲ್ಲಿನಲ್ಲಿ ಮುಚ್ಚಿಹೋಗುತ್ತದೆ ಅಥವಾ ಮೇಕೆಯ ಪಾಲಾಗುತ್ತದೆ. ಊರುಗೋಲಿಗೆ ಸೆಣಬಿನ ಹುರಿಯಿಂದ ಎಂಟರ ಆಕಾರದಲ್ಲಿ ಸಡಿಲ ಕಟ್ಟು. ತಂತಿ ಕಟ್ಟಿದರೆ ಕಾಂಡ ದಪ್ಪವಾದಂತೆ ಒಳಗೆ ಕೊರೆಯುತ್ತದೆ. ಕಾಂಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು.

ಸಸಿಗಳು ಸಾಯುವುದು ಹೆಚ್ಚಾಗಿ ಮೊದಲ ಬೇಸಿಗೆಯಲ್ಲಿ. ಫೆಬ್ರವರಿ ನಡುವಿನಿಂದ ಮಳೆ ಬರುವವರೆಗೆ ಸುಮಾರು 16 ವಾರ. ವಾರಕ್ಕೆ ಎರಡು ಸಲ ಗಿಡವೊಂದಕ್ಕೆ 10 ಲೀಟರ್ ಎಂದರೆ 100 ಗಿಡಗಳಿಗೆ 32,000 ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಮೂರಕ್ಕಿಂತ ಹೆಚ್ಚು. ಎರಡನೇ ಬೇಸಿಗೆಗೂ ಇಷ್ಟೇ ಇಟ್ಟುಕೊಳ್ಳಿ. ಟ್ಯಾಂಕರ್ ಮತ್ತು ನೀರು ಹಾಕುವವರ ಕೂಲಿ ಸೇರಿಸಿ ಬಜೆಟ್ ಹಾಕಿ, ಆ ಬಜೆಟ್ಟಿಗೆ 30 ಗಿಡ ಮಾತ್ರ ಸಾಧ್ಯವಾದರೆ 30 ನೆಡಿ.

ಪರಿಸರ ಮತ್ತು ಸಮಾನತೆ ಒಂದೇ ಕೆಲಸದಲ್ಲಿ ಕೂಡುವ ಮಾದರಿ ಪುಣೆಯಲ್ಲಿದೆ. ಚಿಂದಿ ಆಯುವವರು 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಕಟ್ಟಿದರು, 2008ರಲ್ಲಿ ‘ಸ್ವಚ್ಛ್’ ಸಹಕಾರಿ ಸಂಸ್ಥೆ ಮನೆಮನೆಯ ಕಸ ಸಂಗ್ರಹಕ್ಕೆ ಇಳಿಯಿತು. ಅದರ ಒಡೆಯರು ಕೆಲಸ ಮಾಡುವವರೇ. ನಿಮ್ಮ ಸಂಘ ತನ್ನ ಸಭಾಭವನದ ಕಸವನ್ನು ಹಸಿ, ಒಣ ಎಂದು ಬೇರೆ ಮಾಡಿ ಇಂಥವರ ಕೈಗೆ ಕೊಟ್ಟರೆ, ಕೈಗವಸು ಮತ್ತು ಆರೋಗ್ಯ ತಪಾಸಣೆಗೆ ಹಣ ತೆಗೆದಿಟ್ಟರೆ, ಅದು ಪರಿಸರ ದಿನದ ಜಾಥಾಕ್ಕಿಂತ ಗಟ್ಟಿ.

ವರದಿಯಲ್ಲಿ ಬರೆಯಬೇಕಾದದ್ದು

ಹಂಚಿದ್ದರ ಲೆಕ್ಕ ಖರ್ಚಿನ ಲೆಕ್ಕ ಮಾತ್ರ. ಕೆಲಸದ ಲೆಕ್ಕಕ್ಕೆ ಒಂದು ವರ್ಷ ಕಳೆದ ಮೇಲಿನ ಸಂಖ್ಯೆ ಬೇಕು. ಕಳೆದ ಜೂನ್‌ನಲ್ಲಿ 40 ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಈ ಜೂನ್‌ನಲ್ಲಿ ಅವರಲ್ಲಿ 31 ಮಂದಿ ಓದು ಮುಂದುವರಿಸಿದ್ದರೆ ವರದಿಯಲ್ಲಿ 31 ಎಂದು ಬರೆಯಿರಿ, ಬಿಟ್ಟ 9ರಲ್ಲಿ ಹುಡುಗಿಯರೆಷ್ಟು, ಯಾಕೆ ಬಿಟ್ಟರು ಎಂಬುದನ್ನೂ ಬರೆಯಿರಿ. ಮದುವೆ, ಕೆಲಸ, ಶುಲ್ಕ, ಊರು ಬದಲು: ಮುಂದಿನ ವರ್ಷದ ಹಣ ಎಲ್ಲಿಗೆ ಹೋಗಬೇಕೆಂದು ಈ ನಾಲ್ಕು ಅಂಕಣಗಳೇ ಹೇಳುತ್ತವೆ. ಗಿಡಗಳನ್ನು ನೆಟ್ಟ ದಿನ ಎಣಿಸದೆ ಮರುವರ್ಷದ ಮೇ ಕೊನೆಯಲ್ಲಿ ಎಣಿಸಿ. ವೆಚ್ಚವನ್ನು ಬದುಕುಳಿದ ಗಿಡಗಳ ಸಂಖ್ಯೆಯಿಂದ ಭಾಗಿಸಿ ಗಿಡವೊಂದಕ್ಕೆ ಎಷ್ಟಾಯಿತು ಎಂದು ಹೇಳಿ. ಸಂಖ್ಯೆ ಚಿಕ್ಕದಾಗಿ ಕಾಣುತ್ತದೆಂದು ಹೆದರಬೇಕಿಲ್ಲ. ಹೊರದೇಶದ ಗಂಭೀರ ದಾನಿಗಳೂ ಸಿಎಸ್‌ಆರ್ ಅಧಿಕಾರಿಗಳೂ ಎಲ್ಲವೂ ನೂರಕ್ಕೆ ನೂರು ಎಂದಿರುವ ವರದಿಯನ್ನೇ ಹೆಚ್ಚು ಅನುಮಾನಿಸುತ್ತಾರೆ.

ಈ ಲೆಕ್ಕ ತೆಗೆಯಲು ಬೇಕಾದ ಮಾಹಿತಿ ಮಾರ್ಚ್‌ನಲ್ಲಿ ಹುಡುಕಿದರೆ ಸಿಗದು. ಕೊಡುವ ದಿನವೇ ವಿದ್ಯಾರ್ಥಿಯ ತಾಯಿಯ ಫೋನ್ ನಂಬರ್ ಬರೆದುಕೊಳ್ಳಿ, ಏಕೆಂದರೆ ಮಕ್ಕಳ ನಂಬರ್ ಬದಲಾಗುತ್ತಲೇ ಇರುತ್ತದೆ. ಪ್ರತಿ ಗಿಡಕ್ಕೂ ಒಂದು ಸಂಖ್ಯೆಯ ತಗಡು ನೇತುಹಾಕಿ, ಯಾರು ನೀರು ಹಾಕುತ್ತಾರೆ ಎಂಬ ಹೆಸರು ಪುಸ್ತಕದಲ್ಲಿರಲಿ. ಡಿಸೆಂಬರ್‌ನಲ್ಲಿ ಒಮ್ಮೆ ಫೋನ್ ಮಾಡಿ ಕೇಳಿದರೆ ಓದು ಬಿಡುವ ಅಂಚಿನಲ್ಲಿರುವ ಹುಡುಗಿಯ ವಿಷಯ ಪರೀಕ್ಷೆಗೆ ಮೂರು ತಿಂಗಳು ಮುಂಚೆ ಗೊತ್ತಾಗುತ್ತದೆ. ಆಗ ಮಾರ್ಚ್ ಕಂತಿನ ಶುಲ್ಕ ಕಟ್ಟಿ ಅವಳನ್ನು ಪರೀಕ್ಷೆಗೆ ಕೂರಿಸಲು ಇನ್ನೂ ಸಮಯವಿರುತ್ತದೆ.